ಕೇಳುವ ಕ್ರಮ, ಹೇಳುವ ಕ್ರಮ

ಸಲಹೆ ಕೇಳಲು ಬರುವ ಅನೇಕ ರೈತರು ಮೊದಲು ಕೈ ಮುಗಿಯುತ್ತಾರೆ. 'ತಾವು ತಿಳಿದವರು, ನಾವು ಮಣ್ಣಿನಲ್ಲಿರುವವರು' ಎನ್ನುತ್ತಾರೆ. ಆಮೇಲೆ 'ಬೆಳೆ ಹಳದಿಯಾಗಿದೆ, ಏನು ಹೊಡೆಯಬೇಕು?' ಎಂದು ಒಂದೇ ಮಾತಿನಲ್ಲಿ ಪ್ರಶ್ನೆ ಮುಗಿಸುತ್ತಾರೆ. ಮೊದಲಿನ ಮಾತುಗಳನ್ನು ನಾವೆಲ್ಲರೂ ವಿನಯವೆಂದು ಮೆಚ್ಚುತ್ತೇವೆ. ನನ್ನ ಅಭಿಪ್ರಾಯದಲ್ಲಿ ಅವುಗಳ ಅವಶ್ಯಕತೆಯೇ ಇಲ್ಲ. ಮರ್ಯಾದೆ ಇರಬೇಕಾದುದು ಪ್ರಶ್ನೆಯಲ್ಲಿ. ಸರಿಯಾದ ಉತ್ತರ ಕೊಡಲು ಬೇಕಾದ ಸಂಗತಿಗಳನ್ನೆಲ್ಲ ಮುಂದಿಡುವುದೇ ಕೇಳುವವರು ತೋರಿಸಬಹುದಾದ ನಿಜವಾದ ಗೌರವ.

'ಹಳದಿ' ಎಂಬ ಒಂದು ಮಾತನ್ನೇ ನೋಡೋಣ. ಸಾರಜನಕದ ಕೊರತೆಯಾದರೆ ಗಿಡದ ಕೆಳಗಿನ ಹಳೆಯ ಎಲೆಗಳು ಮೊದಲು ಹಳದಿಯಾಗುತ್ತವೆ. ಗಂಧಕ ಕಡಿಮೆಯಾದರೆ ತುದಿಯ ಎಳೆಯ ಎಲೆಗಳು ಪೂರ್ತಿಯಾಗಿ ಹಳದಿಗೆ ತಿರುಗುತ್ತವೆ. ಕಬ್ಬಿಣದ ಕೊರತೆಯಲ್ಲಿಯೂ ಎಳೆಯ ಎಲೆಗಳೇ ಹಳದಿಯಾದರೂ ಅವುಗಳ ನರಗಳು ಹಸಿರಾಗಿ ಉಳಿಯುತ್ತವೆ. ನೀರು ನಿಂತು ಬೇರಿಗೆ ಗಾಳಿಯಾಡದಿದ್ದರೂ ಬೆಳೆ ಹಳದಿಯೇ. ಸುಣ್ಣದ ಅಂಶ ಹೆಚ್ಚಿರುವ ಕಪ್ಪು ಭೂಮಿಯಲ್ಲಿ ಶೇಂಗಾ ಕಬ್ಬಿಣದ ಕೊರತೆಯಿಂದ ಹಳದಿಯಾದಾಗ ಯೂರಿಯಾ ಹಾಕಿದರೆ ಹಣ ಹೋಗುವುದೇ ಹೊರತು ಬಣ್ಣ ತಿರುಗದು. ಅಲ್ಲಿ ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್, ಬೆರೆಸಿ ಸಿಂಪಡಿಸಬೇಕು. ಯಾವ ಎಲೆ, ಎಂಥ ಮಣ್ಣು, ಬಿತ್ತಿ ಎಷ್ಟು ದಿನ, ಹೊಲವೆಲ್ಲ ಹೀಗಿದೆಯೋ ಅಲ್ಲಲ್ಲಿ ಮಾತ್ರವೋ, ಈ ನಾಲ್ಕು ಸಂಗತಿ ಹೇಳಿದರೆ ಅರ್ಧ ಉತ್ತರ ಸಿಕ್ಕಿದಂತೆಯೇ.

ಹಿಂದೆ ರೈತರು ಆಕಾಶವಾಣಿಗೂ ವಿಶ್ವವಿದ್ಯಾನಿಲಯಕ್ಕೂ ಕಾರ್ಡು ಬರೆದು ಸಂದೇಹ ಕೇಳುತ್ತಿದ್ದರು. ಉತ್ತರಕ್ಕೆ ದಿನಗಟ್ಟಲೆ ಕಾಯಬೇಕಾಗಿದ್ದುದರಿಂದ ಬರೆಯುವ ಮೊದಲು ನಾಲ್ಕು ಸಾರಿ ಯೋಚಿಸಬೇಕಾಗುತ್ತಿತ್ತು. 2004ರ ಜನವರಿಯಲ್ಲಿ ಕಿಸಾನ್ ಕಾಲ್ ಸೆಂಟರ್ ಆರಂಭವಾದ ಮೇಲೆ 1800-180-1551 ಸಂಖ್ಯೆಗೆ ಖರ್ಚಿಲ್ಲದೆ, ಕನ್ನಡದಲ್ಲಿಯೇ ಕೇಳುವ ಅನುಕೂಲ ದೊರೆತಿದೆ. ಮೊಬೈಲಿನಲ್ಲಿ ಎಲೆಯ ಫೋಟೋ ಕಳಿಸುವುದೂ ಸುಲಭವಾಗಿದೆ. ಆದರೆ ಅನುಕೂಲ ಹೆಚ್ಚಿದಂತೆ ಪ್ರಶ್ನೆ ಮೊಟಕಾಗುತ್ತಿದೆ. ಎಲೆಯ ಫೋಟೋ ಬೇರನ್ನು ತೋರಿಸದು, ಬಸಿಗಾಲುವೆ ಇದೆಯೇ ಇಲ್ಲವೇ ಎಂಬುದನ್ನೂ ತೋರಿಸದು.

ಮಣ್ಣು ಪರೀಕ್ಷೆಗೆ ಕಳಿಸುವ ಮಾದರಿಯೂ ಒಂದು ಪ್ರಶ್ನೆಯೇ. ಬದುವಿನ ಪಕ್ಕದಿಂದಲೋ ಗೊಬ್ಬರ ಗುಡ್ಡೆ ಹಾಕಿದ್ದ ಜಾಗದಿಂದಲೋ ಒಂದು ಹಿಡಿ ಮಣ್ಣು ಕಟ್ಟಿಕೊಟ್ಟರೆ ಪ್ರಯೋಗಶಾಲೆ ಆ ಹಿಡಿಗೆ ಉತ್ತರ ಹೇಳುತ್ತದೆ, ಹೊಲಕ್ಕಲ್ಲ. ಅಂಕುಡೊಂಕಾಗಿ ನಡೆದು, ಹತ್ತು ಹದಿನೈದು ಕಡೆ 'ವಿ' ಆಕಾರದ ಗುಂಡಿ ತೆಗೆದು, 15 ಸೆಂ.ಮೀ. ಆಳದವರೆಗಿನ ಮಣ್ಣನ್ನು ಕೂಡಿಸಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗಗಳನ್ನು ತೆಗೆದುಹಾಕುತ್ತಾ ಕೊನೆಗೆ ಅರ್ಧ ಕಿಲೋ ಉಳಿಸಿ ಕಳಿಸಿದವರು ಸರಿಯಾಗಿ ಪ್ರಶ್ನೆ ಕೇಳಿದವರು.

ಇನ್ನು ಮುಚ್ಚಿಡುವ ವಿಚಾರ. ವೈದ್ಯರ ಮುಂದೆ, ವಕೀಲರ ಮುಂದೆ ಸುಳ್ಳು ಹೇಳಬಾರದೆಂಬ ಮಾತುಂಟು. ಬೆಳೆಯ ವಿಷಯದಲ್ಲಿಯೂ ಅಷ್ಟೇ. ಕಬ್ಬಿನ ಕಳೆಗೆ 2,4-ಡಿ ಹೊಡೆದ ಪಂಪನ್ನು ಸರಿಯಾಗಿ ತೊಳೆಯದೆ ಹತ್ತಿಗೆ ಬಳಸಿದರೆ ಹತ್ತಿಯ ಹೊಸ ಎಲೆಗಳು ಕಿರಿದಾಗಿ, ಬೆರಳು ಚಾಚಿದಂತೆ ವಿಕಾರವಾಗುತ್ತವೆ. ಪಂಪಿನಲ್ಲಿ ಉಳಿದ ಅತ್ಯಲ್ಪ ಅಂಶವೂ ಇದಕ್ಕೆ ಸಾಕು. ಆ ಸಂಗತಿಯನ್ನು ಬಿಟ್ಟು 'ಎಲೆ ಮುದುಡಿದೆ' ಎಂದಷ್ಟೇ ಹೇಳಿದರೆ ರಸ ಹೀರುವ ಕೀಟಕ್ಕೋ ನಂಜು ರೋಗಕ್ಕೋ ಔಷಧಿ ಬರೆದುಕೊಡುವ ಸಂಭವವಿದೆ. ಅದರಿಂದ ಎಲೆ ಸರಿಹೋಗದು. ಒಂದಾದ ಮೇಲೊಂದು ಔಷಧಿ ಹೊಡೆಯುತ್ತಾ ಹೋದಂತೆ ಅಂಗಡಿಯ ಬಾಕಿ ಬೆಳೆಯುತ್ತದೆ.

ಹಾಗಾದರೆ ರೈತರು ಏಕೆ ಮುಚ್ಚಿಡುತ್ತಾರೆ? ಬೈಗುಳಕ್ಕೆ ಅಂಜಿ. 'ಯಾರು ಹೇಳಿದರು ಇದನ್ನು ಹೊಡೆಯಲು? ನಮ್ಮನ್ನು ಕೇಳಿ ಹೊಡೆದೆಯಾ?' ಎಂದು ನಾಲ್ಕು ಜನರ ಮುಂದೆ ಅನ್ನಿಸಿಕೊಂಡವರು ಮುಂದಿನ ಸಾರಿ ನಿಜ ಹೇಳಲಾರರು. ಇಲ್ಲಿ ಮರ್ಯಾದೆ ತಪ್ಪಿದವರು ಕೇಳಿದವರಲ್ಲ, ಹೇಳುವ ಸ್ಥಾನದಲ್ಲಿ ಕುಳಿತವರು. ಅಧಿಕಾರಿಗಳಾಗಲಿ ವಿಜ್ಞಾನಿಗಳಾಗಲಿ, ವಯಸ್ಸಿನಲ್ಲಿ ಹಿರಿಯರಾದ ರೈತರನ್ನು ಏಕವಚನದಲ್ಲಿ ಮಾತನಾಡಿಸುವುದು, ಪ್ರಶ್ನೆ ಮುಗಿಯುವ ಮೊದಲೇ ಔಷಧಿಯ ಹೆಸರು ಬರೆಯುವುದು, ತಿಳಿಯದಿದ್ದಾಗ 'ಹೊಲ ನೋಡಿ ಹೇಳುತ್ತೇನೆ' ಎನ್ನಲು ಹಿಂಜರಿಯುವುದು, ಇವೆಲ್ಲ ಬೆಳೆಗೆ ನಷ್ಟ ತರುವ ನಡವಳಿಕೆಗಳೇ. ರೈತರಿಂದ ನಿಜ ಬೇಕೆನ್ನುವವರು ಅದನ್ನು ನಿರ್ಭಯವಾಗಿ ಹೇಳುವಂತೆ ನಡೆದುಕೊಳ್ಳಬೇಕು.

ಕ್ಷೇತ್ರೋತ್ಸವಗಳಲ್ಲಿ ಇನ್ನೊಂದು ಸಂಗತಿ ಕಾಣುತ್ತೇವೆ. ಮುಂದಿನ ಸಾಲಿನ ಗಂಡಸರು ಪ್ರಶ್ನೆ ಕೇಳುತ್ತಾರೆ, ಹಿಂದೆ ನಿಂತ ಹೆಣ್ಣುಮಕ್ಕಳು ಸುಮ್ಮನಿರುತ್ತಾರೆ. ನಾಟಿ ಮಾಡಿ, ಕಳೆ ತೆಗೆದು, ದಿನವೂ ಬುಡ ನೋಡುವವರು ಅವರೇ. ಬತ್ತದ ಬುಡದಲ್ಲಿ ಜಿಗಿಹುಳು ಮೊದಲು ಕಂಡದ್ದು ಯಾವ ಮೂಲೆಯಲ್ಲಿ ಎಂಬುದನ್ನು ಅವರನ್ನು ಕೇಳಿದರೆ ತಿಳಿದೀತು. ಅವರು ಬಾಯಿ ತೆರೆದಾಗ ನಗುವುದನ್ನೂ, 'ನೀನು ಸುಮ್ಮನಿರು' ಎನ್ನುವುದನ್ನೂ ನಿಲ್ಲಿಸಬೇಕು.

ತಜ್ಞರಲ್ಲಿಗೆ ಬಾರದೆ ಅನುಭವಸ್ಥ ರೈತರ ತೋಟಕ್ಕೇ ಹೋಗಿ ಕೇಳುವುದು ಒಳ್ಳೆಯ ಪದ್ಧತಿ. ಆದರೆ ಅವರ ಬಿಡುವು ತಿಳಿದು ಹೋಗಬೇಕು, ಕೇಳದೆ ಗಿಡ ಕೀಳಬಾರದು, ಕಂದು ಕಟ್ಟಿಕೊಂಡು ಬರಬಾರದು. ಬಾಳೆಯ ಪನಾಮ ಸೊರಗು ರೋಗದ ಶಿಲೀಂಧ್ರ ಕಾಲಿಗೂ ಸಲಿಕೆಗೂ ಅಂಟಿದ ಮಣ್ಣಿನೊಡನೆ ತೋಟದಿಂದ ತೋಟಕ್ಕೆ ಹೋಗುತ್ತದೆ; ಒಮ್ಮೆ ಸೇರಿದರೆ ಮಣ್ಣಿನಲ್ಲಿ ಹಲವು ವರ್ಷ ಉಳಿಯುತ್ತದೆ. ಆದ್ದರಿಂದ ಇನ್ನೊಬ್ಬರ ತೋಟಕ್ಕೆ ಕಾಲಿಡುವ ಮೊದಲೂ, ಹೊರಬಂದ ಮೇಲೂ ಮಣ್ಣು ತೊಳೆದುಕೊಳ್ಳುವುದು ಬರಿಯ ಶಿಷ್ಟಾಚಾರವಲ್ಲ, ಎರಡು ತೋಟಗಳ ರಕ್ಷಣೆ.

ಕೊನೆಯದಾಗಿ, ಉತ್ತರ ಪಡೆದವರು ಫಲಿತಾಂಶವನ್ನು ತಿಳಿಸಬೇಕು. ಹತ್ತು ಜನರನ್ನು ಒಂದೇ ಪ್ರಶ್ನೆ ಕೇಳಿ, ತಮಗೆ ಹಿಡಿಸಿದ ಉತ್ತರ ಆರಿಸಿಕೊಂಡು, ಏನಾಯಿತೆಂದು ಯಾರಿಗೂ ಹೇಳದಿದ್ದರೆ ಸಲಹೆ ಸರಿಯಿತ್ತೋ ಇಲ್ಲವೋ ಎಂಬುದು ಸಲಹೆ ಕೊಟ್ಟವರಿಗೂ ತಿಳಿಯದು, ಪಕ್ಕದ ಊರಿನವರಿಗೂ ಉಪಯೋಗವಾಗದು. 'ನೀವು ಹೇಳಿದಂತೆ ಮಾಡಿದೆ, ಗುಣವಾಗಲಿಲ್ಲ' ಎಂಬ ಮಾತನ್ನು ಯಾರೂ ಅಗೌರವವೆಂದು ತಿಳಿಯಬೇಕಾಗಿಲ್ಲ. ಧನ್ಯವಾದದ ಹತ್ತು ಮಾತಿಗಿಂತ ಅದರ ಬೆಲೆ ಹೆಚ್ಚು. ರೈತ ಬಾಂಧವರು ಮುಂದಿನ ಸಾರಿ ಬರುವಾಗ ಬೇರುಸಹಿತ ಕಿತ್ತ ಎರಡು ಗಿಡಗಳನ್ನೂ, ಹಾಕಿದ ಗೊಬ್ಬರ, ಹೊಡೆದ ಔಷಧಿ ಮತ್ತು ಅವುಗಳ ದಿನಾಂಕ ಬರೆದ ಒಂದು ಚೀಟಿಯನ್ನೂ ತರಲಿ. ಕೈ ಮುಗಿಯುವುದನ್ನು ಮರೆತರೂ ಚಿಂತೆಯಿಲ್ಲ.