ಹಳೆಯ ಡೀಸೆಲ್ ಕಾರೂ ಪೇಟೆಯ ರಸ್ತೆಯೂ

ಲಾರಿಗೂ ಟ್ರ್ಯಾಕ್ಟರಿಗೂ ನೀರೆತ್ತುವ ಪಂಪಿಗೂ ಸಲ್ಲುವ ಇಂಧನವೆಂದು ಬಹುಕಾಲ ಭಾವಿಸಲಾಗಿದ್ದ ಡೀಸೆಲು, ಮಧ್ಯಮವರ್ಗದ ಗೃಹಸ್ಥನ ಅಂಗಳದ ಸಣ್ಣ ಕಾರಿನೊಳಕ್ಕೂ ಪ್ರವೇಶಿಸಿದ್ದು ಎಂಜಿನಿನ ಗುಣಾತಿಶಯದಿಂದ ಎನ್ನುವುದಕ್ಕಿಂತ ಸರ್ಕಾರದ ಬೆಲೆನೀತಿಯಿಂದ ಎನ್ನುವುದೇ ಸತ್ಯಕ್ಕೆ ಸಮೀಪವಾದ ಮಾತು. 1998ರ ಕೊನೆಯಲ್ಲಿ ಟಾಟಾ ಇಂಡಿಕಾ ಬಂದಾಗಲೇ ಅದರ ಸೂಚನೆ ದೊರೆತಿತ್ತು. 2010ರಲ್ಲಿ ಪೆಟ್ರೋಲಿನ ಬೆಲೆಯನ್ನು ಮಾರುಕಟ್ಟೆಗೆ ಬಿಟ್ಟುಕೊಟ್ಟು ಡೀಸೆಲಿನದನ್ನು ಮಾತ್ರ ಸರ್ಕಾರವು ತನ್ನ ಹಿಡಿತದಲ್ಲೇ ಇಟ್ಟುಕೊಂಡ ಮೇಲೆ, 2012ರ ಬೇಸಿಗೆಯ ಹೊತ್ತಿಗೆ ಎರಡರ ನಡುವಣ ಅಂತರ ಲೀಟರಿಗೆ ಸುಮಾರು ಮೂವತ್ತು ರೂಪಾಯಿಗೆ ಬೆಳೆದು, ಭಾನುವಾರದ ದೇವಸ್ಥಾನಕ್ಕೂ ಬಂಧುಗಳ ಮದುವೆಗೂ ಹೊರತು ಕಾರನ್ನು ಹೊರತೆಗೆಯದವನೂ ಡೀಸೆಲ್ ಸ್ವಿಫ್ಟನ್ನೋ ರಿಟ್ಜನ್ನೋ ಬೀಟನ್ನೋ ಬಯಸತೊಡಗಿದನು. 2014ರ ಅಕ್ಟೋಬರಿನಲ್ಲಿ ಡೀಸೆಲಿನ ಬೆಲೆಯೂ ಮುಕ್ತವಾಯಿತು. 2020ರ ಏಪ್ರಿಲ್ 1ರಂದು ಹೊಗೆಯ ಮಿತಿಯನ್ನು ಬಿಗಿಗೊಳಿಸಿದ ಬಿಎಸ್-6 ನಿಯಮ ಬಂದೊಡನೆ ಮಾರುತಿ ಸಂಸ್ಥೆ ಡೀಸೆಲ್ ಕಾರುಗಳನ್ನೇ ನಿಲ್ಲಿಸಿತು. ನೀತಿ ಹೋಯಿತು, ಕಾರುಗಳು ಉಳಿದವು. ಅವುಗಳಲ್ಲಿ ಅನೇಕವು ಈಗ ಎರಡನೆಯ, ಮೂರನೆಯ ಒಡೆಯನ ಮನೆ ಸೇರಿವೆ.

ಇಂಥದೊಂದನ್ನು ಕೊಳ್ಳಹೊರಟವನು ಮೊದಲು ಉಚ್ಚರಿಸುವ ಶಬ್ದ ಮೈಲೇಜು. ಆ ಲೆಕ್ಕ ಸುಳ್ಳಲ್ಲ, ಅಪೂರ್ಣ. ಪೇಟೆಯ ಸಂಚಾರದಲ್ಲಿ ಡೀಸೆಲ್ ಕಾರು ಲೀಟರಿಗೆ ಹದಿನೆಂಟು ಕಿಲೋಮೀಟರು, ಅದೇ ಗಾತ್ರದ ಪೆಟ್ರೋಲ್ ಕಾರು ಹದಿಮೂರು ಓಡುತ್ತದೆಂದೂ, ಬೆಲೆಯ ಅಂತರ ಹನ್ನೆರಡು ರೂಪಾಯಿಯ ಆಸುಪಾಸಿನಲ್ಲಿದೆಯೆಂದೂ ಇಟ್ಟುಕೊಂಡರೆ, ಕಿಲೋಮೀಟರಿಗೆ ಮೂರು ರೂಪಾಯಿಗೆ ತುಸು ಕಡಿಮೆ ಉಳಿಯುತ್ತದೆ. ದಿನಕ್ಕೆ ಹತ್ತು ಕಿಲೋಮೀಟರು ಓಡಿಸುವವನಿಗೆ ಇದು ವರ್ಷಕ್ಕೆ ಹತ್ತು ಸಾವಿರದಷ್ಟಾದೀತು. ಬೆಂಗಳೂರಿನ ಸಿಲ್ಕ್ ಬೋರ್ಡಿನಲ್ಲೂ ಹೆಬ್ಬಾಳದಲ್ಲೂ ಅರ್ಧ ಒತ್ತಿ ಅರ್ಧ ಬಿಟ್ಟು ಸವೆಸಿದ ಕ್ಲಚ್ಚನ್ನು ಒಮ್ಮೆ ಬದಲಾಯಿಸಿದರೆ ಅದರ ಬಹುಭಾಗ ಅಲ್ಲಿಗೇ ಸಂದಿತು. ಇಂಜೆಕ್ಟರೋ ಟರ್ಬೊವೋ ಕೈಕೊಟ್ಟರಂತೂ ಮುಂದಿನ ವರ್ಷಗಳ ಉಳಿತಾಯವನ್ನೂ ಮುಂಗಡವಾಗಿ ತೆರಬೇಕು.

ದೋಷ ಯಂತ್ರದ್ದಲ್ಲ. ಗಾಳಿಯನ್ನು ಅತ್ಯಂತ ಬಿಗಿಯಾಗಿ ಒತ್ತಿ, ಆ ಒತ್ತಡದ ಶಾಖದಿಂದಲೇ, ಕಿಡಿಯ ನೆರವಿಲ್ಲದೆ, ಕೂದಲೆಳೆಯಂಥ ರಂಧ್ರಗಳಿಂದ ಸಿಂಪಡಿಸಿದ ಇಂಧನವನ್ನು ಉರಿಸುವ ಈ ಎಂಜಿನು ಚೆನ್ನಾಗಿ ಕಾದು, ದೀರ್ಘಕಾಲ ಏಕರೀತಿಯಾಗಿ ಓಡುವಾಗ ಸ್ವಭಾವಸ್ಥವಾಗಿರುತ್ತದೆ. ಮನೆಯಿಂದ ಶಾಲೆಗೆ, ಶಾಲೆಯಿಂದ ತರಕಾರಿ ಅಂಗಡಿಗೆ ಎಂದು ಅದು ಕಾಯುವ ಮೊದಲೇ ಆರಿಸುತ್ತಿದ್ದರೆ ಹೊಗೆಯ ಒಂದಂಶವನ್ನು ಎಂಜಿನಿಗೇ ಮರಳಿಸುವ ಇಜಿಆರ್ ಕವಾಟದಲ್ಲಿ ಮಸಿ ಹೆಪ್ಪುಗಟ್ಟುತ್ತದೆ. ಬಿಎಸ್-6 ಕಾರುಗಳಲ್ಲಿ ಮಸಿಯನ್ನು ಹಿಡಿದಿಡುವ ಸೋಸುಕವೊಂದು ಸೇರಿಕೊಂಡಿದ್ದು, ಆಗಾಗ ಹೆದ್ದಾರಿಯ ಓಟ ದೊರೆತು ಅದು ಬಿಸಿಯಾಗಿ ತನ್ನ ಮಸಿಯನ್ನು ಸುಟ್ಟುಕೊಳ್ಳದಿದ್ದರೆ ಮೀಟರಿನಲ್ಲಿ ದೀಪ ಹೊತ್ತಿಕೊಳ್ಳುತ್ತದೆ. ಆದುದರಿಂದ ಪೇಟೆಯ ಕಾರೆಂಬ ಹೆಸರಿನಲ್ಲಿ ಮಾರಲ್ಪಟ್ಟ ಈ ವಾಹನವು ವಾಸ್ತವವಾಗಿ ಪೇಟೆಯಿಂದ ಹೊರಗೆ ಹೋಗುವವನ ವಾಹನವೆಂಬುದೇ ನನ್ನ ಅಭಿಮತ: ವಾರವಾರವೂ ಹಾಸನಕ್ಕೋ ಶಿವಮೊಗ್ಗಕ್ಕೋ ತೋಟ ನೋಡಲು ಹೋಗಿಬರುವವನು ಕೊಳ್ಳಲಿ, ಜಯನಗರದಿಂದ ಬಸವನಗುಡಿಗೆ ಹೋಗಿಬರುವವನು ಪೆಟ್ರೋಲನ್ನೇ ನೆಚ್ಚಲಿ, ಅಥವಾ ಬಸ್ಸನ್ನು.

ಕೊಳ್ಳುವುದೆಂದು ನಿರ್ಧರಿಸಿದವನು ಬೆಳಗ್ಗೆ ಬೇಗ, ಮಾರುವವನು ಒಮ್ಮೆ ಓಡಿಸಿ ಸಿದ್ಧಮಾಡಿಡುವ ಮೊದಲೇ ಹೋಗತಕ್ಕದ್ದು. ಬಾನೆಟ್ಟಿನ ಮೇಲೆ ಅಂಗೈ ಇಟ್ಟು ತಣ್ಣಗಿದೆಯೇ ನೋಡಬೇಕು. ಬೀಗದಕೈ ತಿರುಗಿಸಿ, ಸುರುಳಿಯ ಆಕಾರದ ಹಳದಿ ದೀಪ ಆರುವವರೆಗೆ ತಾಳಿ, ಆಮೇಲೆ ಸ್ಟಾರ್ಟ್ ಮಾಡಬೇಕು. ಎಂಜಿನು ಕಾದ ಮೇಲೂ ಹಿಂದಿನ ಕೊಳವೆಯಿಂದ ಬಿಡದೆ ಬರುವ ನೀಲಿ ಹೊಗೆ ಆಯಿಲ್ ಉರಿಯುತ್ತಿರುವುದರ ಗುರುತು. ಎಂಜಿನು ನಡೆಯುತ್ತಿರುವಾಗಲೇ ಆಯಿಲ್ ತುಂಬುವ ಮುಚ್ಚಳವನ್ನು ಮೆಲ್ಲನೆ ತೆಗೆದಾಗ ಹಬೆ ರಭಸದಿಂದ ಭುಸುಗುಟ್ಟಿದರೆ, ಮೀಟರು ಏನನ್ನೇ ತೋರಿಸುತ್ತಿರಲಿ (ಮೀಟರನ್ನು ಹಿಂದಕ್ಕೆ ತಿರುಗಿಸುವ ಪ್ರವೀಣರು ನಮ್ಮಲ್ಲಿ ದುರ್ಲಭರಲ್ಲ), ಪಿಸ್ಟನ್ನಿನ ಉಂಗುರಗಳು ಸವೆದಿವೆಯೆಂದು ತಿಳಿದು ನಮಸ್ಕಾರ ಹೇಳಿ ಬರುವುದು ಲೇಸು. ಆಯಿಲ್ ಕಪ್ಪಗಿದೆಯೆಂದು ಮಾತ್ರ ಹೆದರಬೇಕಾಗಿಲ್ಲ. ಡೀಸೆಲ್ ಎಂಜಿನಿನಲ್ಲಿ ಹೊಸ ಆಯಿಲ್ ಕೂಡ ಬೇಗನೆ ಕಪ್ಪಾಗುತ್ತದೆ. ಆಯ್ಕೆಯಿದ್ದಲ್ಲಿ ಫಿಯಟ್ ರೂಪಿಸಿದ 1248 ಸಿಸಿ ಎಂಜಿನಿನ ಕಾರನ್ನೇ ಹುಡುಕುವುದು ಜಾಣತನ. ಮಾರುತಿ, ಟಾಟಾ, ಫಿಯಟ್ ಮೂವರೂ ಅದನ್ನೇ ಬಳಸಿದ್ದರಿಂದ ಅದರ ಒಳಗುಟ್ಟು ಬಲ್ಲ ಮೆಕ್ಯಾನಿಕ್ಕು ಸಣ್ಣ ಊರುಗಳಲ್ಲೂ ಸಿಕ್ಕುತ್ತಾನೆ.

ದೆಹಲಿಯಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳು ಸಂಚರಿಸಕೂಡದೆಂದು ಹಸಿರು ನ್ಯಾಯಮಂಡಳಿ 2015ರಲ್ಲಿ ವಿಧಿಸಿ, 2018ರಲ್ಲಿ ಸುಪ್ರೀಂ ಕೋರ್ಟು ಅದನ್ನು ಪುಷ್ಟೀಕರಿಸಿದಂದಿನಿಂದ, ಅಂಥದೇ ಕಾನೂನು ಇಲ್ಲಿಗೂ ಬರಲೆಂಬ ಮಾತು ಆಗಾಗ ಕೇಳಿಬರುತ್ತದೆ. ಡೀಸೆಲ್ ಹೊಗೆ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗಸಂಸ್ಥೆಯೇ 2012ರಲ್ಲಿ ಘೋಷಿಸಿರುವಾಗ ಆ ಆತಂಕವನ್ನು ಲಘುವಾಗಿ ಎಣಿಸುವಂತಿಲ್ಲ. ಆದರೆ ಹುಟ್ಟಿದ ತಾರೀಖನ್ನಷ್ಟೇ ನೋಡಿ ದಂಡಿಸುವ ಕಾನೂನು, ಜೋಪಾನವಾಗಿ ಇಟ್ಟುಕೊಂಡ ಹನ್ನೊಂದು ವರ್ಷದ ಕಾರನ್ನು ಗುಜರಿಗೆ ಅಟ್ಟಿ, ಕರಿಹೊಗೆ ಉಗುಳುವ ಆರು ವರ್ಷದ ಕಾರನ್ನು ನಿರಾತಂಕವಾಗಿ ಬಿಡುತ್ತದೆ. ಹೊಗೆಯನ್ನು ಅಳೆಯುವ ಉಪಕರಣ ನಮ್ಮ ಎಮಿಷನ್ ಕೇಂದ್ರಗಳಲ್ಲಿ ಈಗಾಗಲೇ ಇದೆ. ಎಂಜಿನನ್ನು ಪೂರ್ತಿ ರೇಸ್ ಮಾಡಿ ಹೊಗೆಯ ಸಾಂದ್ರತೆಯನ್ನು ನೋಡಬೇಕೆಂಬ ವಿಧಿಯೂ ಇದೆ. ಕಾರಿನ ಫೋಟೊ ತೆಗೆದು, ಕೊಳವೆಯನ್ನು ಒಳಗಿಡದೆಯೇ ಚೀಟಿ ಹರಿದುಕೊಡುವ ಕಡೆಗೆ ಸಾರಿಗೆ ಇಲಾಖೆಯ ಇನ್‌ಸ್ಪೆಕ್ಟರು ಮುನ್ಸೂಚನೆಯಿಲ್ಲದೆ ಹೋಗಿ ನಿಲ್ಲುವುದಕ್ಕೆ ಹೊಸ ಕಾನೂನೇನೂ ಬೇಕಾಗಿಲ್ಲ.