ಬೆಳೆಯ ಅಂಕಿಗಳೂ ಕೈನಕಲಿನ ದೋಷವೂ

ವ್ಯವಸಾಯದ ಪ್ರಯೋಗಗಳಿಂದ ಒಕ್ಕಲುಮಕ್ಕಳಿಗೆ ಲಾಭವುಂಟಾಗಬೇಕಾದರೆ, ತಾಕಿನಲ್ಲಿ ತೂಗಿದ ಅಂಕಿಯು ಎಳ್ಳಷ್ಟೂ ವ್ಯತ್ಯಾಸವಿಲ್ಲದೆ ಅವರನ್ನು ಮುಟ್ಟತಕ್ಕದ್ದು. ಪೂರ್ವದಲ್ಲಿ ಅಂಕಿಯು ತಾಕಿನಿಂದ ಪುಸ್ತಕಕ್ಕೂ, ಪುಸ್ತಕದಿಂದ ಕಚೇರಿಯ ತಖ್ತೆಗೂ, ತಖ್ತೆಯಿಂದ ಅಚ್ಚುಕೂಟಕ್ಕೂ ಕೈಯಿಂದ ಕೈಗೆ ಸಾಗುತ್ತಿದ್ದಿತು. ಈಗ ಅಚ್ಚಿನ ಹಾಳೆಯ ಸ್ಥಾನವನ್ನು ಬಹುಮಟ್ಟಿಗೆ ಜಾಲಪುಟವು ಪಡೆದಿದೆ. ಆದರೆ ಕೈನಕಲು ಮಾತ್ರ ಅನೇಕ ಕಡೆಗಳಲ್ಲಿ ಹಾಗೆಯೇ ಉಳಿದಿರುತ್ತದೆ. ಕಂಪ್ಯೂಟರಿನಲ್ಲಿ ಲೆಕ್ಕ ಮಾಡಿ, ಬಂದ ಉತ್ತರವನ್ನು ಕಣ್ಣಿನಿಂದ ನೋಡಿ, ಜಾಲಪುಟಕ್ಕೆ ಮತ್ತೆ ಟೈಪು ಮಾಡುವ ಈ ಪದ್ಧತಿಯನ್ನು ಬಿಟ್ಟು, ಲೆಕ್ಕ ಮಾಡುವ ಭಾಷೆಯೇ ಪುಟವನ್ನೂ ಬರೆಯುವಂತೆ ಏರ್ಪಡಿಸುವುದು ಅವಶ್ಯಕವಾಗಿದೆ.

ಇದರಿಂದಾಗುವ ನಷ್ಟವೆಷ್ಟೆಂಬುದಕ್ಕೆ ಒಂದು ದೃಷ್ಟಾಂತವನ್ನು ಕೊಡಬಹುದು. ಸಂಖ್ಯಾಶಾಸ್ತ್ರದ ಲೆಕ್ಕಗಳಿಗಾಗಿ ನಿರ್ಮಿತವಾದ ಆರ್ ಎಂಬ ಭಾಷೆಯೊಡನೆ ಬಟಾಣಿ ಬೆಳೆಯ ಗೊಬ್ಬರದ ಪ್ರಯೋಗವೊಂದರ ಅಂಕಿಗಳು ಅಭ್ಯಾಸಕ್ಕಾಗಿ ಒದಗಿಸಲ್ಪಟ್ಟಿವೆ. ಎಕರೆಯ 70ನೆಯ ಒಂದು ಭಾಗದಷ್ಟಿರುವ 24 ತಾಕುಗಳಲ್ಲಿ ಸಾರಜನಕ, ರಂಜಕ, ಪೊಟ್ಯಾಷ್ ಗೊಬ್ಬರಗಳನ್ನು ಕೊಟ್ಟೂ ಕೊಡದೆಯೂ ಪರೀಕ್ಷಿಸಲಾಗಿದೆ. ಸಾರಜನಕ ಕೊಟ್ಟ 12 ತಾಕುಗಳ ಸರಾಸರಿ ಇಳುವರಿ 57.68 ಪೌಂಡು, ಕೊಡದ 12 ತಾಕುಗಳದು 52.07 ಪೌಂಡು. ವ್ಯತ್ಯಾಸವು ತಾಕಿಗೆ ಸುಮಾರು 5.62 ಪೌಂಡು, ಎಂದರೆ ಎಕರೆಗೆ ಸುಮಾರು 393 ಪೌಂಡು. ಈಗ ಸಾರಜನಕ ಕೊಡದ ಮೊದಲನೆಯ ತಾಕಿನ 49.5 ಎಂಬ ಅಂಕಿಯನ್ನು ನಕಲು ಮಾಡುವವರು ಕೈತಪ್ಪಿನಿಂದ 94.5 ಎಂದು ಬರೆದರೆಂದು ಭಾವಿಸೋಣ. ಕೊಡದ ತಾಕುಗಳ ಸರಾಸರಿಯು 55.82ಕ್ಕೆ ಏರಿ, ವ್ಯತ್ಯಾಸವು 1.87 ಪೌಂಡಿಗೆ ಇಳಿಯುತ್ತದೆ. ಎರಡು ಅಂಕೆಗಳು ಸ್ಥಾನ ಬದಲಿಸಿದ ಮಾತ್ರಕ್ಕೆ ಗೊಬ್ಬರದ ಫಲವು ಮೂರನೆಯ ಒಂದು ಭಾಗವಾಗಿ ತೋರಿತು! ಇಂತಹ ತಖ್ತೆಯನ್ನು ನಂಬಿದ ಬೇಸಾಯಗಾರನು ಗೊಬ್ಬರಕ್ಕೆ ಹಣ ಹಾಕುವುದು ವ್ಯರ್ಥವೆಂದೇ ತಿಳಿಯುವನು.

ಆರ್ ಭಾಷೆಯನ್ನು ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾನಿಲಯದಲ್ಲಿ ರಾಸ್ ಇಹಾಕ ಮತ್ತು ರಾಬರ್ಟ್ ಜೆಂಟಲ್‌ಮನ್ ಎಂಬ ವಿದ್ವಾಂಸರು ರಚಿಸಿದರು. 1995ರಿಂದ ಅದು ಯಾರು ಬೇಕಾದರೂ ಬೆಲೆಯಿಲ್ಲದೆ ಪಡೆದು ಬಳಸಬಹುದಾದ ರೀತಿಯಲ್ಲಿ ಪ್ರಕಟವಾಗುತ್ತಿದೆ. ಇನ್ನು ಜಾಲಪುಟವೆಂಬುದು ಎಚ್‌ಟಿಎಂಎಲ್ ಎಂಬ ಗುರುತುಗಳಿಂದ ಕೂಡಿದ ಬರಹ. ಇದು ಶೀರ್ಷಿಕೆ, ಇದು ತಖ್ತೆ, ಇದು ತಖ್ತೆಯ ಸಾಲು, ಇದು ಸಾಲಿನ ಮನೆ ಎಂದು ಪ್ರತಿಯೊಂದಕ್ಕೂ ಆರಂಭದ ಗುರುತೊಂದು, ಸಾಮಾನ್ಯವಾಗಿ ಮುಕ್ತಾಯದ ಗುರುತೊಂದು ಇರುತ್ತವೆ. 24 ತಾಕುಗಳ ತಖ್ತೆಗೆ ಇವನ್ನು ಕೈಯಿಂದ ಬರೆಯುವುದು ಬೇಸರದ ಕೆಲಸ. ಬೇಸರವಿದ್ದಲ್ಲಿ ತಪ್ಪು ಇದ್ದೇ ಇರುವುದು. ಆದರೆ ಕ್ರಮವಾಗಿ ಸಾಲುಸಾಲಾಗಿ ಮಾಡುವ ಕೆಲಸವು ಕಂಪ್ಯೂಟರಿಗೆ ಅತಿ ಸುಲಭವಾದುದು.

ಈ ಮಾರ್ಗದಲ್ಲಿ ಹಲವರು ಶ್ರಮಿಸಿದ್ದಾರೆ. ಬರಹದ ನಡುವೆಯೇ ಲೆಕ್ಕದ ಆಜ್ಞೆಗಳನ್ನಿರಿಸುವ ಸ್ವೀವ್ ಎಂಬ ಸಾಧನವನ್ನು ಫ್ರೀಡ್ರಿಖ್ ಲೈಷ್ ಎಂಬವರು 2002ರಲ್ಲಿ ಪ್ರಕಟಿಸಿದರು. ಅನಂತರ ಅಮೆರಿಕದ ಅಯೋವಾ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡುತ್ತಿದ್ದ ಯಿಹುಯಿ ಷೀ ಎಂಬವರು ನಿಟರ್ ಎಂಬ ಸಾಧನವನ್ನು ಸಿದ್ಧಪಡಿಸಿದರು. ಅದರಲ್ಲಿ "ಸರಾಸರಿ ಇಳುವರಿ ಇಷ್ಟು" ಎಂಬ ವಾಕ್ಯದಲ್ಲಿ ಅಂಕಿಯಿರಬೇಕಾದ ಸ್ಥಳದಲ್ಲಿ ಲೆಕ್ಕದ ಆಜ್ಞೆಯನ್ನೇ ಬರೆದಿಡಬಹುದು. ಪುಟವನ್ನು ಸಿದ್ಧಪಡಿಸುವ ಕಾಲಕ್ಕೆ ಭಾಷೆಯು ಮೂಲ ಅಂಕಿಗಳನ್ನು ಓದಿ, ಲೆಕ್ಕ ಹಾಕಿ, ಉತ್ತರವನ್ನು ಆ ಸ್ಥಳದಲ್ಲಿ ತಾನೇ ತುಂಬಿ, ತಖ್ತೆಗೂ ಗುರುತುಗಳನ್ನು ಹಾಕುತ್ತದೆ. ಒಂದು ತಾಕಿನ ಅಂಕಿಯನ್ನು ತಿದ್ದಿದರೆ, ಮತ್ತೆ ಸಿದ್ಧಪಡಿಸಿದ ಪುಟದಲ್ಲಿ ಸರಾಸರಿಯೂ, ವಾಕ್ಯವೂ, ನಕ್ಷೆಯೂ ಒಟ್ಟಿಗೆ ತಿದ್ದಲ್ಪಡುತ್ತವೆ. ಬರುವ ವರ್ಷ ಹೊಸ ಅಂಕಿಗಳನ್ನು ಕೊಟ್ಟರೆ ಅದೇ ಬರಹದಿಂದ ಹೊಸ ಪುಟವು ದೊರೆಯುವುದು. ಷರಾ ಅಂಕಣದಲ್ಲಿ ಬರೆದ "ಕಡಿಮೆ" ಎಂಬರ್ಥದ ಚಿಹ್ನೆಯನ್ನು ಗುರುತಿನ ಆರಂಭವೆಂದು ಭ್ರಮಿಸಿ ಮುಂದಿನ ಮಾತು ಮರೆಯಾಗದಂತೆ, ಅದನ್ನು ಬೇರೆ ರೂಪದಲ್ಲಿ ಬರೆಯುವ ಎಚ್ಚರಿಕೆಯೂ ಈ ಸಾಧನಗಳಲ್ಲಿ ಉಂಟು.

ಇದನ್ನು ಕಲಿಯಲು ಕಾಲ ಹಿಡಿಯುವುದೆಂಬ ಆಕ್ಷೇಪಣೆಯು ನಿಜವೇ. ಒಂದೇ ಸಲ ಪ್ರಕಟವಾಗುವ ಚಿಕ್ಕ ತಖ್ತೆಗೆ ಇಷ್ಟು ಏರ್ಪಾಡು ಬೇಕಾಗಲಾರದು. ಆದರೆ ವರ್ಷವರ್ಷವೂ, ಊರೂರಿಗೂ ಒಂದೇ ಮಾದರಿಯ ತಖ್ತೆಯು ಬೇಕಾದಲ್ಲಿ ಕಲಿತ ಶ್ರಮವು ಶೀಘ್ರವಾಗಿ ಹಿಂದಿರುಗುವುದು. ಇದಕ್ಕಿಂತ ಗುರುತರವಾದ ಆಕ್ಷೇಪಣೆ ಮತ್ತೊಂದುಂಟು. ಬೀಜದಂತೆ ಬೆಳೆ, ತಾಕಿನಲ್ಲಿಯೇ ತಪ್ಪಾಗಿ ತೂಗಿದ ಅಂಕಿಯನ್ನು ಯಾವ ಭಾಷೆಯೂ ಸರಿಮಾಡಲಾರದು. ಅದು ತಪ್ಪನ್ನೇ ನಿಷ್ಠೆಯಿಂದ ಅಂದವಾದ ಪುಟವನ್ನಾಗಿ ಮಾಡಿಕೊಡುವುದು. ಅಂದವಾಗಿದೆಯೆಂಬುದೇ ಸತ್ಯಕ್ಕೆ ಸಾಕ್ಷಿಯಲ್ಲ.

ಈ ಕಾರಣದಿಂದಲೇ ಗ್ರಾಮದ ಮುಖಂಡರಿಗೂ ಜಮೀನುದಾರರಿಗೂ ಇದರಲ್ಲಿ ಕರ್ತವ್ಯವಿರುತ್ತದೆ. 2016ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ, ಬೆಳೆ ಕಟಾವು ಪ್ರಯೋಗಗಳಿಂದ ಬಂದ ಸರಾಸರಿ ಇಳುವರಿಯನ್ನು ನಿಗದಿಯಾದ ಇಳುವರಿಯೊಡನೆ ಹೋಲಿಸಿ ಪರಿಹಾರವನ್ನು ಗೊತ್ತುಮಾಡುವ ಕ್ರಮವಿದೆ. ಕೆಲವೇ ತಾಕುಗಳ ತೂಕದ ಮೇಲೆ ಅನೇಕ ಕುಟುಂಬಗಳ ಪರಿಹಾರವು ನಿಂತಿರುವಾಗ ಒಂದು ಅಂಕಿಯ ತಪ್ಪೂ ಅಲ್ಪವಲ್ಲ. ಆದುದರಿಂದ ಗ್ರಾಮದ ಹಿರಿಯರು ಕಟಾವಿನ ದಿವಸ ತಾಕಿನ ಬಳಿ ಹಾಜರಿದ್ದು, ಅಳತೆಯನ್ನೂ ತೂಕವನ್ನೂ ಕಣ್ಣಾರೆ ಕಂಡು, ತಮ್ಮ ಪುಸ್ತಕದಲ್ಲಿಯೂ ಗುರುತುಮಾಡಿಕೊಳ್ಳಬೇಕು. ಸರಾಸರಿಯೊಂದನ್ನೇ ತೋರಿಸುವ ಪುಟದಿಂದ ತೃಪ್ತರಾಗದೆ, ಪ್ರತಿಯೊಂದು ತಾಕಿನ ಅಂಕಿಯೂ ಲೆಕ್ಕದ ವಿಧಾನವೂ ಪ್ರಕಟವಾಗಬೇಕೆಂದು ಕೇಳಬೇಕು. ಅಂಕಿಗಳನ್ನು ಪ್ರಕಟಿಸುವ ಕಚೇರಿಗಳು ನಕಲಿನ ಕೈಗಳನ್ನು ಕಡಿಮೆ ಮಾಡಿ, ಮೂಲದಿಂದ ನೇರವಾಗಿ ಪುಟವನ್ನು ಹೊರಡಿಸಬೇಕು. ತಾಕಿನ ಬಳಿ ಎಚ್ಚರಿಕೆ, ಕಚೇರಿಯಲ್ಲಿ ಯಂತ್ರದ ನಿಷ್ಠೆ, ಇವೆರಡೂ ಸೇರಿದಲ್ಲಿ ರೈತನು ತಾನು ಓದುವ ಅಂಕಿಯನ್ನು ನಂಬಿ ಬೇಸಾಯದ ವೆಚ್ಚವನ್ನು ನಿರ್ಧರಿಸಬಹುದು.