ಒಣಗಿದ ಕರಕಿ ಸತ್ತದ್ದಲ್ಲ

ವಸಂತವು ಚಿಗುರಿನ ಕಾಲವೆಂಬುದು ರೂಢಿಯ ಮಾತು. ಆದರೆ ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಎರೆನೆಲ ಚೈತ್ರದ ವೇಳೆಗೆ ಬಿರುಕು ಬಿಟ್ಟಿರುತ್ತದೆ; ಅಂಗಳದ ಹುಲ್ಲು ಹಳದಿಗಟ್ಟಿರುತ್ತದೆ. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವಾದವು. ಮರುವರ್ಷದ ಯುಗಾದಿಗೆ ನಮ್ಮ ಮನೆಯಲ್ಲಿಯೂ ಹುಲ್ಲನ್ನು ಕಿತ್ತು ಫರಸಿ ಹಾಸುವ ಮಾತು ನಡೆದಿತ್ತು.

ಅವಸರ ಬೇಡ. ಗರಿಕೆಯ ಜೀವ ನೆಲದೊಳಗಿನ ಗೆಣ್ಣುಗಳಲ್ಲಿದೆ. ಒಂದು ಹಿಡಿ ಅಗೆದು ನೋಡಿರಿ: ಗೆಣ್ಣು ಬೆಳ್ಳಗೆ ಗಟ್ಟಿಯಾಗಿದ್ದರೆ ಅದು ಚಿಗುರುವುದು.

ಮೊದಲು ಒಣಕಸವನ್ನು ಬಾಚಿ ತೆಗೆಯಿರಿ. ನೆಲವನ್ನು ತುಸು ನೆನೆಸಿ, ಹಾರೆಯ ತುದಿಯಿಂದ ಗೇಣಿಗೊಂದು ತೂತು ಮಾಡಿ, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವನ್ನು ಜರಡಿ ಹಿಡಿದು ತೆಳುವಾಗಿ ಹರಡಿರಿ. ನಿತ್ಯವೂ ಚಿಮುಕಿಸಿದರೆ ಬೇರು ಮೇಲೆಯೇ ಉಳಿಯುತ್ತದೆ. ಎರೆನೆಲಕ್ಕೆ ನಾಲ್ಕೈದು ದಿನಕ್ಕೊಮ್ಮೆ ಬೆಳಗಿನ ಜಾವ ಆಳಕ್ಕಿಳಿಯುವಂತೆ ನೀರುಣಿಸಿರಿ. ಕಿತ್ತೂರಿನ ಕಡೆ ಮಸಾರಿ ನೆಲವಿದ್ದಲ್ಲಿ ಕಡಿಮೆ ನೀರು, ಕಡಿಮೆ ಅಂತರ. ಬೇಸಿಗೆಯಲ್ಲಿ ಎರಡು ಅಂಗುಲ ಬಿಟ್ಟೇ ಕತ್ತರಿಸಿರಿ. ಜೇಕನ್ನು ಗಡ್ಡೆಸಹಿತ ಕೀಳಿರಿ. ಬೋಳಾದಲ್ಲಿ ಮೃಗಶಿರಾ ಮಳೆ ಬಿದ್ದ ಮೇಲೆ ಬಳ್ಳಿಯ ತುಂಡುಗಳನ್ನು ನಾಟಿರಿ.

ನೀರೆಲ್ಲಿಂದ? ನವಿಲುತೀರ್ಥದಲ್ಲಿ ನಿಂತ ಮಲಪ್ರಭೆ ಹೊಲಗಳಿಗೂ ಹುಬ್ಬಳ್ಳಿ-ಧಾರವಾಡದ ಕೊಡಗಳಿಗೂ ಹಂಚಿಹೋಗಬೇಕು. ಆದ್ದರಿಂದ ಕುಡಿಯುವ ನೀರು ಅಂಗಳಕ್ಕೆ ಬೇಡ. ಅಕ್ಕಿ, ಕಾಯಿಪಲ್ಯೆ ತೊಳೆದ ನೀರು ಸಾಕು. ಅದೂ ಸಾಲದಿದ್ದರೆ ತುಳಿಯದೆ, ಕತ್ತರಿಸದೆ ಹಾಗೆಯೇ ಬಿಡಿರಿ. ಮನೆಯವರ ಬಾಯಾರಿಕೆ ಮೊದಲು; ಕರಕಿ ಮಳೆಗಾಲದವರೆಗೆ ಕಾಯಬಲ್ಲದು.